ಮಾಳಮ್ಮನ ಗಂಡನ ಗಿಡ

ಕಮಲಾಪುರದಲ್ಲಿ ಬಸ್ಸಿಳಿದು, "ಅಮೋಘಸಿದ್ದನ ಮನಿ ಎಲ್ಲ್ಯದರಿ?" ಎಂದು ಕೇಳಿ ನೋಡಿ. ಚಾದಂಗಡಿಯವನು ನಿಮ್ಮನ್ನು ಮೇಲೆ ಕೆಳಗೆ ನೋಡುತ್ತಾನೆ.

"ಯಾವ ಅಮೋಘಸಿದ್ದ? ಕುರಿ ಅಮೋಘಸಿದ್ದನಾ, ಲೈನ್‌ಮನ್ನಾ?"

"ಕೆಂಪ ಬಾಳಿ ತ್ವಾಟದವ್ರು."

"ಹಾಂ, ಮಾಳಮ್ಮನ ಗಂಡ. ಹಂಗ ಕೇಳ್ರಲ್ಲ ಮತ್ತ."

ತೋಟ ಮಾಳಮ್ಮನ ಅಪ್ಪನದು. ಆಕೆ ಒಬ್ಬಳೇ ಮಗಳು. ಆಳಂದದ ಕಡೆಯಿಂದ ಅಮೋಘಸಿದ್ದ ಮನೆಅಳಿಯನಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಮಗಳನ್ನು ಹುಮನಾಬಾದಿಗೆ ಕೊಟ್ಟು, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿ ಆಗಿದೆ. ಆದರೂ ಊರಿಗೆ ಅವನು ಮಾಳಮ್ಮನ ಗಂಡ.

ಇದಕ್ಕೆ ಊರನ್ನು ಬೈದು ಉಪಯೋಗವಿಲ್ಲ. ಹೆಸರು ಅವನೇ ಇಟ್ಟುಕೊಂಡದ್ದು. ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಹಾಕಿ ಹೇಳಬೇಕು. ನಾಲ್ಕು ಸಾಲಿನ ಪ್ರಾಸದ ನಡುವೆ ಹೆಸರನ್ನು ಸಿಕ್ಕಿಸಿ, ಹೇಳಿಯೂ ಹೇಳದವರ ಹಾಗೆ. ಮದುವೆಯಾದ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು, "ಹೆಸರ ಹೇಳು, ಒಳಗ ಹೋಗು" ಎಂದು ಮದುಮಗಳನ್ನು ತಡೆಯುತ್ತಾರಲ್ಲ, ಹಾಗೆ ಮಾಳಮ್ಮನನ್ನೂ ತಡೆದರು. ಮಾಳಮ್ಮ ಸೊಂಟದ ಮೇಲೆ ಕೈ ಇಟ್ಟಳು.

"ಇದು ನಮ್ಮನಿ. ನಮ್ಮನ್ಯಾಗ ಹೋಗಲಾಕ ನಾ ಯಾಕ ಹೆಸರ ಹೇಳ್ಲಿ? ಹೊಸದಾಗಿ ಬರಾವ್ರು ಅವ್ರು. ಅವ್ರೇ ಹೇಳ್ಲಿ."

ನ್ಯಾಯ ಸರಿಯೇ ಇತ್ತು. ಹೆಂಗಸರೆಲ್ಲ ಮದುಮಗನ ಕಡೆ ತಿರುಗಿದರು. ಬೆಳಗಿನಿಂದ ಉಪವಾಸವಿದ್ದ ಅಮೋಘಸಿದ್ದನಿಗೆ ಒಂದು ಪ್ರಾಸವೂ ಹೊಳೆಯಲಿಲ್ಲ. ಬಾಸಿಂಗ ಸರಿಮಾಡಿಕೊಂಡು, "ಮಾಳಮ್ಮನ ಗಂಡ ಬಂದೀನ್ರಿ, ಬಾಗಿಲ ಬಿಡ್ರಿ" ಎಂದ. ಬಾಗಿಲು ಬಿಟ್ಟರು. ಹೆಸರನ್ನು ಮಾತ್ರ ಬಿಡಲಿಲ್ಲ.

ಮಾಳಮ್ಮ ಅಂದಿನ ಒಡಪನ್ನು ಆಮೇಲೂ ಎಂದೂ ಹೇಳಿರಲಿಲ್ಲ. ಕರೆಯಬೇಕಾದರೆ "ಏನ್ರಿ", ದೂರದಲ್ಲಿದ್ದರೆ "ಏನ್ರೀ", ಸಿಟ್ಟು ಬಂದಾಗ ಬರೀ ಕೆಮ್ಮು.

ಇಂಥ ಅಮೋಘಸಿದ್ದನನ್ನು ಪೂರ್ತಿ ಹೆಸರಿನಿಂದ ಕರೆಯುವ ಮನುಷ್ಯ ಒಬ್ಬರೇ ಇದ್ದರು: ಕಲಬುರಗಿಯ ಸೇಡಂ ರಸ್ತೆಯ ಬಂಡೂರಾಯರು. ಟೆಲಿಫೋನ್ ಖಾತೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಉಳಿದುಹೋಗಿದ್ದ ತಾಮ್ರದ ತಂತಿಯನ್ನು ಏನು ಮಾಡುವುದೆಂದು ಯೋಚಿಸುತ್ತ ಯೋಚಿಸುತ್ತ ಬೋನ್ಸಾಯ್‌ಗೆ ಬಿದ್ದವರು. ತಟ್ಟೆಯಂಥ ಕುಂಡದಲ್ಲಿ ಗೇಣುದ್ದದ ಆಲ, ಮೊಳದುದ್ದದ ಹುಣಸೆ. ಕೊಂಬೆಗಳಿಗೆಲ್ಲ ತಂತಿ ಸುತ್ತಿ ಬಗ್ಗಿಸಿ ನಿಲ್ಲಿಸಿದ್ದರು. ಅವರ ಹೆಂಡತಿ ಪಾರ್ವತೀಬಾಯಿ ಮಾಳಿಗೆಗೆ ಹಪ್ಪಳ ಒಣಹಾಕಲು ಹೋದಾಗಲೆಲ್ಲ, "ಈ ಗಿಡಗಳ ಪುಣ್ಯಾ ಛಲೋ ಅದ. ನನ್ನ ಕೈಗೆ ಎಂದಾದ್ರೂ ಇಷ್ಟು ತಂತಿ ಸುತ್ತಿದ್ರ ನಾಲ್ಕು ಬಳಿ ಆಗ್ತಿದ್ವು" ಎನ್ನುತ್ತಿದ್ದರು.

ಕಲಬುರಗಿಯ ಬೇಸಿಗೆ ಗೊತ್ತಲ್ಲ. ಮಾಳಿಗೆಯ ಮೇಲಿನ ಕುಂಡದೊಳಗೆ ಬೇರು ಕುದಿಯುತ್ತದೆ. ಅದಕ್ಕೇ ಶಿವರಾತ್ರಿ ಮುಗಿಯುತ್ತಿದ್ದ ಹಾಗೆ ಬಂಡೂರಾಯರ ಕುಂಡಗಳು ಮೋಮಿನಪುರದ ಇನಾಯತ್‌ನ ಟಂಟಂ ಆಟೋದಲ್ಲಿ ಕೂತು ಕಮಲಾಪುರದ ಬಾಳೆಯ ನೆರಳಿಗೆ ಹೋಗುತ್ತವೆ. ಮಳೆ ಹಿಡಿದ ಮೇಲೆ ತಿರುಗಿ ಬರುತ್ತವೆ. ಇದಕ್ಕೆ ಪಾರ್ವತೀಬಾಯಿ ತವರಿಗೆ ಕಳಿಸುವುದು ಅನ್ನುತ್ತಾರೆ. "ನಾ ತವರಿಗೆ ಹೋದಾಗ ಬಸ್ ಸ್ಟ್ಯಾಂಡ್ ತನಕ ಬಂದಾವ್ರಲ್ಲ. ಇವುಕ್ಕ ನೋಡ್ರಿ, ಕಣ್ಣಾಗ ನೀರು ತಂದು ಕಳಿಸ್ತಾರ."

ಆ ಕುಂಡಗಳಲ್ಲಿ ಒಂದಕ್ಕೆ ರಾಯರು ಇಟ್ಟ ಹೆಸರು ರಾಜಕುಮಾರಿ. ಪರ್ಸಿಮನ್ ಜಾತಿಯ ಗಿಡ, ತಿನ್ನಲಿಕ್ಕಲ್ಲ, ನೋಡಲಿಕ್ಕೆ. ಫಲ ಹಿಡಿದರೆ ಟೊಂಗೆ ತುಂಬ ಕೆಂಪು ಕಿತ್ತಳೆ ಬಣ್ಣದ ಗೋಲಿ ಗೋಲಿ ಹಣ್ಣು ಇಳಿಬಿಡುತ್ತದೆ ಎಂದು ಬಂಡೂರಾಯರು ಚಿತ್ರ ತೋರಿಸಿದ್ದರು. ಎಲೆಯನ್ನು ಮೂಸಿ ನೋಡಿದ ಅಮೋಘಸಿದ್ದ, "ಇದು ನಮ್ಮ ಬೀಡಿ ಎಲಿ ಗಿಡದ ಬಳಗದ್ದೇ ಇರಬೇಕ್ರಿ, ಊರು ಬಿಟ್ಟು ಜಪಾನಿಗಿ ಹೋಗಿ ಸಣ್ಣದಾಗ್ಯಾದ" ಎಂದಿದ್ದ. ಪಾರ್ವತೀಬಾಯಿ ಆ ಗಿಡಕ್ಕೆ "ನನ್ನ ಸವತಿ" ಎಂದು ಹೆಸರಿಟ್ಟಿದ್ದರು.

ಅದರ ಕತೆ ಹೀಗೆ. ಬೀಜದಿಂದ ಎದ್ದ ಒಂದು ಸಸಿಯ ಕಾಂಡ ಚಂದಾಗಿ ಸೊಟ್ಟ ಬೆಳೆದಿತ್ತು. ಆದರೆ ಬೀಜದ್ದು ಹಣ್ಣು ಕೊಡುವ ಜಾತಿಯೋ ಅಲ್ಲವೋ ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಅದಕ್ಕೆ ಬಂಡೂರಾಯರು ಪುಣೆಯ ಗೆಳೆಯರೊಬ್ಬರಿಂದ ಹಣ್ಣು ಬಿಡುವ ಹೆಣ್ಣು ಗಿಡದ ಕಡ್ಡಿಯನ್ನು ಹಸಿ ಪೇಪರಿನಲ್ಲಿ ಸುತ್ತಿ ತರಿಸಿದರು. ಕಸಿಯ ಕಲಮು ಕಟ್ಟಲು ಚಾಕು ಹಿಡಿದರೆ ರಾಯರ ಕೈ ನಡುಗುತ್ತಿತ್ತು. ಕಟ್ಟಿದ್ದು ಅಮೋಘಸಿದ್ದ. ಕಾಂಡವನ್ನು ಸೀಳಿ, ಕಡ್ಡಿಯ ತುದಿಯನ್ನು ಬೆಣೆಯ ಹಾಗೆ ಹೆರೆದು, ಎರಡರ ಹಸಿರು ತೊಗಟೆ ಒಂದಕ್ಕೊಂದು ಮುಟ್ಟುವಂತೆ ಕೂರಿಸಿ, ಹಾಲಿನ ಪಾಕೀಟಿನ ಪಟ್ಟಿ ಸುತ್ತಿ, ಮೇಲೆ ಬಾಳೆನಾರಿನಿಂದ ಬಿಗಿದಿದ್ದ. ಕಡ್ಡಿ ಚಿಗುರಿದ ದಿನ ರಾಯರು ಕೈ ಹಿಡಿದುಕೊಂಡು ಹೇಳಿದ್ದರು:

"ಕುಂಡ ನಂದು, ಕೈ ನಿಮ್ದು, ಅಮೋಘಸಿದ್ದಪ್ಪಾರ. ಇದು ಹಣ್ಣು ಹಿಡೀತಂದ್ರ ಜನವರಿ ಫಲಪುಷ್ಪ ಪ್ರದರ್ಶನದಾಗ ನಿಮ್ಮ ಹೆಸರಲ್ಲೇ ಇಡೋಣು."

"ಚೀಟಿ ಹಚ್ತಾರೇನ್ರಿ?"

"ಹಚ್ತಾರ. ದಪ್ಪ ಅಕ್ಷರದಾಗ."

"ಏನಂತ ಬರೀತಾರ್ರಿ?"

"ಅಮೋಘಸಿದ್ದ, ಕಮಲಾಪುರ. ಮತ್ತಿನ್ನೇನು ಬೇಕು?"

"ಏನೂ ಬ್ಯಾಡ್ರಿ" ಎಂದ ಅಮೋಘಸಿದ್ದ. "ಅಷ್ಟು ಸಾಕು."

ಆವತ್ತಿನಿಂದ ಅವನು ಆ ಚೀಟಿಯನ್ನು ಮನಸ್ಸಿನಲ್ಲೇ ಎಷ್ಟು ಸಲ ಓದಿಕೊಂಡನೋ. ಆದರೆ ರಾಜಕುಮಾರಿ ಹೂ ಬಿಡುವುದು, ಕಡಲೆಯಷ್ಟು ಕಾಯಿ ಕಟ್ಟುವುದು, ಉದುರಿಸಿಬಿಡುವುದು, ಇದೇ ನಡೆಯಿತು. ಎರಡು ಬೇಸಿಗೆ ಹೀಗೇ ಹೋದವು. ಊರ ಮಂದಿ ತೋಟಕ್ಕೆ ಬಂದವರು ನೋಡಿ, "ಮಾಳಮ್ಮನ ಗಂಡನ ಗಿಡಕ್ಕ ಇನ್ನಾ ಹಣ್ಣು ಹಿಡದಿಲ್ಲೇನು?" ಎಂದು ನಕ್ಕು ಹೋಗುತ್ತಿದ್ದರು.

ಹೆಣ್ಣು ಗಿಡಕ್ಕೆ ಪಕ್ಕದಲ್ಲಿ ಗಂಡು ಗಿಡ ಹೂ ಬಿಟ್ಟರೇ ಕಾಯಿ ನಿಲ್ಲುವುದು ಎಂದು ರಾಯರಿಗೆ ಆಮೇಲೆ ಗೊತ್ತಾಯಿತು. ಪುಣೆಯಿಂದ ಒಂದು ಗಂಡು ಗಿಡವನ್ನೇ ತರಿಸಿದರು. ಆದರೆ ಯಾರಿಗೂ ಬಾಯಿಬಿಡಲಿಲ್ಲ. ಅಮೋಘಸಿದ್ದನಿಗೆ ಹಣ್ಣು ಹಿಡಿದ ಮೇಲೆ ಹೇಳಿ ಬೆರಗು ಮಾಡಬೇಕೆಂಬ ಆಸೆ ಒಂದು. ಮನೆಯಲ್ಲಿ ಹೇಳಿದರೆ ಪಾರ್ವತೀಬಾಯಿ "ವರೋಪಚಾರ ಏನೇನು ಕೊಟ್ರಿ?" ಎಂದಾರೆಂಬ ಅಂಜಿಕೆ ಇನ್ನೊಂದು. ಹೊಸ ಕುಂಡವೂ ಉಳಿದವುಗಳ ಜೊತೆ ಟಂಟಂ ಹತ್ತಿತು. "ಇದನ್ನೂ ಸ್ವಲ್ಪ ನೋಡಿಕೊಳ್ರಿ" ಅಂದರು, ಅಷ್ಟೇ.

ಒಂದು ಮುಂಜಾನೆ ರಾಯರ ಫೋನು ಬಡಕೊಂಡಿತು.

"ರಾಯರ, ಛಲೋ ಸುದ್ದಿ ಅದರಿ. ರಾಜಕುಮಾರಿಗಿ ಗಿಡದ ತುಂಬ ಮೊಗ್ಗಿ. ಮತ್ತ ಆ ಹೊಸಾದು ಕಳಿಸಿದ್ರಲ್ಲ, ಅದೂ ಹೂ ಬಿಟ್ಟಿತು. ಅದರ ಬಣ್ಣ ಬಯಲಾತು ನೋಡ್ರಿ. ಅದು ಗಂಡ್ರಿ."

"ಹೌದೇನ್ರಿ?" ರಾಯರ ದನಿ ಕುಣಿಯಿತು.

"ಹೌದ್ರಿ. ಗೊಂಚಲ ಗೊಂಚಲ ಸಣ್ಣ ಹೂ, ಕೆಳಗ ಕಾಯಿ ಕಟ್ಟೂ ಗುರ್ತೇ ಇಲ್ಲ. ಆ ಪುಣಾದವ ನಿಮಗ ಮೋಸ ಮಾಡ್ಯಾನ. ನೀವೇನು ಚಿಂತಿ ಮಾಡಬ್ಯಾಡ್ರಿ. ನಾ ಕಿತ್ತಿ ಒಗದೀನಿ."

ಅಮೋಘಸಿದ್ದನ ತಪ್ಪು ಅನ್ನಲಾಗದು. ಬಾಳೆಯ ಪಕ್ಕದಲ್ಲೇ ಅವನ ಪಪ್ಪಾಯಿ ಇದೆ. ಈಗಿನ ತಳಿಯ ಪಪ್ಪಾಯಿಯಲ್ಲಿ ಗಂಡು ಬಂತೆಂದರೆ ಗೊಬ್ಬರ ನೀರು ದಂಡ; ಹೂ ನೋಡಿ ಗುರುತು ಹಿಡಿದು ಕಿತ್ತೊಗೆಯುವುದೇ ಪದ್ಧತಿ. ಅದರಲ್ಲಿ ಅವನ ಕಣ್ಣು ಸುತ್ತಲ ಊರಿಗೆಲ್ಲ ಪ್ರಸಿದ್ಧ.

ರಾಯರು ಕುರ್ಚಿಯಲ್ಲಿ ಕುಸಿದರು. ಒಳಗಿನಿಂದ ಮೆಂತ್ಯೆ ಬಿಡಿಸುತ್ತಿದ್ದ ಪಾರ್ವತೀಬಾಯಿ ಬಂದರು.

"ಯಾಕ್ರೀ, ಏನಾತು?"

"ಗಂಡು ಹೋತು."

"ಯಾರ ಮನ್ಯಾಗ?"

"ಕಮಲಾಪುರದಾಗ."

"ಮಾಳಮ್ಮನ ಗಂಡಾ? ಅಯ್ಯ, ಮೊನ್ನೆ ಇನ್ನಾ ಬಾಳಿಹಣ್ಣು ಕಳಿಸಿದ್ದನಲ್ರೀ."

ರಾಯರು ಎಲ್ಲ ಬಿಡಿಸಿ ಹೇಳಬೇಕಾಯಿತು. ಹೆಂಡತಿಗೆ ಒಮ್ಮೆ, ಫೋನಿನಲ್ಲಿ ಇನ್ನೂ "ಹಲೋ ಹಲೋ" ಎನ್ನುತ್ತಿದ್ದ ಅಮೋಘಸಿದ್ದನಿಗೆ ಒಮ್ಮೆ. "ಅದನ್ನ ಗಂಡು ಅಂತಲೇ ತರಿಸಿದ್ದೆ, ಅಮೋಘಸಿದ್ದಪ್ಪಾರ. ಅದಿಲ್ಲಂದ್ರ ಹಣ್ಣು ನಿಂದ್ರೂದಿಲ್ಲ." ಆ ಕಡೆಯಿಂದ "ಹಂಗಾರ ಚೀಟಿ?" ಎಂದು ಸಣ್ಣಗೆ ಕೇಳಿಸಿತು.

ಪಾರ್ವತೀಬಾಯಿ ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಒಲೆಯ ಮುಂದೆ ನಿಂತು ನಕ್ಕರು.

ಇನಾಯತ್ ಟಂಟಂ ತೆಗೆದ. ದಾರಿಯುದ್ದಕ್ಕೂ ಅವನಿಗೆ ಒಂದೇ ಸಂಶಯ.

"ಗಿಡದಾಗ ಭೀ ಮರ್ದ್, ಔರತ್ ಇರ್ತಾರೇನ್ರಿ ಸಾಬ್?"

"ಇರ್ತಾವಪ್ಪ. ಎಲ್ಲಾದರಾಗ ಅಲ್ಲ, ಇದರಾಗ ಇರ್ತಾವ."

"ಮರ್ದ್ ಏನು ಕೆಲಸ ಮಾಡ್ತದ್ರಿ?"

"ಹೂ ಬಿಡ್ತದ."

"ಮತ್ತ?"

"ಅಷ್ಟೇ. ಹಣ್ಣು ಹೊರೂದೆಲ್ಲ ಹೆಣ್ಣು."

ಇನಾಯತ್ ಸ್ವಲ್ಪ ಹೊತ್ತು ಗಾಡಿ ಓಡಿಸಿ, "ಅಲ್ಲಿ ಭೀ ಹಂಗೇ ಅದಾ" ಎಂದ.

ತೋಟಕ್ಕೆ ಹೋಗಿ ನೋಡಿದರೆ ಅಮೋಘಸಿದ್ದ ತಿಪ್ಪೆಯ ಮೇಲೆ ನಿಂತಿದ್ದ. ತಿಪ್ಪೆ ಅಂದರೆ ಹಳೆಯ ತಿಪ್ಪೆಯಲ್ಲ. ಪೂರ್ತಿ ತಳಮೇಲಾಗಿ ಹೊಸದಾಗಿ ಕೂತಿತ್ತು. ಮೊಣಕಾಲ ತನಕ ಸಗಣಿ, ತಲೆಯ ಮೇಲೆ ಬಾಳೆ ತರಗು, ಕೈಯಲ್ಲಿ ಸಲಿಕೆ. "ಇಲ್ಲೇ ಒಗದಿದ್ದೆ ರಾಯರ, ದೇವರಾಣಿ ಇಲ್ಲೇ ಒಗದಿದ್ದೆ" ಎಂದು ಮತ್ತೊಂದು ಮೂಲೆಗೆ ಸಲಿಕೆ ಹಾಕಿದ. ಮಾಳಮ್ಮ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು.

"ಬರ್ರಿ ರಾಯರ, ಕುಂದರ್ರಿ. ನೋಡ್ರಿ, ತಿಪ್ಪಿ ತಿರುವ್ರಿ ತಿರುವ್ರಿ ಅಂತ ದೀಪಾವಳಿಯಿಂದ ಹೇಳ್ತಿದ್ದೆ. ಇವತ್ತ ಯೋಗ ಬಂತು."

"ಮಾಳಮ್ಮ, ಗಿಡ ಸಿಗ್ಲಿಲ್ಲೇನು?"

"ತಿಪ್ಪ್ಯಾಗ ಹ್ಯಾಂಗ ಸಿಗತದ್ರಿ? ಅದು ನಿನ್ನಿ ಸಂಜಿಂದ ಬಚ್ಚಲ ಹಿಂದ ಅದ."

ಸಲಿಕೆ ನಿಂತಿತು. "ಮುಂಜಾನಿಂದ ಹುಡುಕ್ಲಾಕತ್ತೀನಿ. ಹೇಳಬಾರದೇನು?"

"ಕೇಳಿದ್ರ ಹೇಳ್ತಿದ್ದೆ. ಕೀಳೂಮುಂದೂ ಕೇಳ್ಲಿಲ್ಲ, ಹುಡುಕೂಮುಂದೂ ಕೇಳ್ಲಿಲ್ಲ. ನಾ ಅಂದೆ, ಗಂಡಸರ ಕೆಲಸ, ನಡು ಯಾಕ ಬಾಯಿ ಹಾಕ್ಲಿ."

ಎಲ್ಲರೂ ಬಚ್ಚಲ ಹಿಂದೆ ಹೋದರು. ಕುತ್ತಿಗೆ ಕತ್ತರಿಸಿದ ಪ್ಲಾಸ್ಟಿಕ್ ಕೊಡದಲ್ಲಿ ಗಂಡು ಗಿಡ ಒರಗಿ ನಿಂತಿತ್ತು. ಬುಡಕ್ಕೆ ಹಸಿ ಗೋಣಿ, ಮೇಲೆ ಬಾಳೆಯ ನೆರಳು. ಎಲೆಗಳೆಲ್ಲ ಜೋತುಬಿದ್ದಿದ್ದವು. ಕೀಳುವಾಗ ಮುರಿದ ಟೊಂಗೆಗಳನ್ನು ಮಾಳಮ್ಮ ಒಂದು ತಂಬಿಗೆ ನೀರಿನಲ್ಲಿ ನಿಲ್ಲಿಸಿದ್ದಳು. ಅವುಗಳಲ್ಲಿ ಸಣ್ಣ ಸಣ್ಣ ಮೊಗ್ಗು ಏನೂ ಆಗದವರ ಹಾಗೆ ಅರಳಿಕೊಂಡಿದ್ದವು.

"ಇದನ್ನ ಯಾಕ ಎತ್ತಿ ಇಟ್ಟಿ?" ಎಂದ ಅಮೋಘಸಿದ್ದ.

"ಹೂ ಬಿಟ್ಟ ಗಿಡ. ಒಗಿಲಾಕ ಮನಸ್ಸ ಬರ್ಲಿಲ್ಲ." ಮಾಳಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅಲ್ಲಾ, ಗಂಡು ಅಂತ ತಿಪ್ಪಿಗಿ ಒಗೀತಾರೇನ್ರಿ ಯಾರಾದ್ರೂ? ಹಣ್ಣು ಕೊಡಲ್ದ ಗಂಡೊಂದು ನಮ್ಮನ್ಯಾಗೂ ಅದ. ನಾ ಏನು ಒಗದೀನೇನು?"

ಇನಾಯತ್ ಟಂಟಂ ನೋಡಿ ಬರುವ ನೆಪ ಮಾಡಿಕೊಂಡು ಅತ್ತ ಹೋಗಿ, ಬಾಳೆಯ ಸಾಲಿನ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡ.

ರಾಯರು ಮೊಣಕಾಲೂರಿ ಗಿಡ ನೋಡಿದರು. ಬೇರು ಹರಿದಿತ್ತು, ಬುಡ ಸೀಳಿತ್ತು. "ಇದು ಬದುಕೂದು ಭರವಸೆ ಇಲ್ಲ" ಎಂದರು. "ಆದ್ರ ತಂಬಿಗಿ ಹೂ ಜೀವಂತ ಅವ." ತಂಬಿಗೆಯನ್ನು ಎತ್ತಿ ತಂದು ರಾಜಕುಮಾರಿಯ ಪಕ್ಕದಲ್ಲಿಟ್ಟರು. ಗಂಡಿನ ಹೂವಿನ ಹುಡಿ ಹೆಣ್ಣಿನ ಹೂವಿಗೆ ಮುಟ್ಟಬೇಕು. ಜೇನುಹುಳ ಬರುತ್ತವೋ ಇಲ್ಲವೋ, ಕೈಯಾರೆ ಮಾಡಿಬಿಡುವುದೇ ಒಳ್ಳೆಯದು. ಅದಕ್ಕೊಂದು ಮೆತ್ತನೆಯ ಬ್ರಶ್ ಬೇಕಿತ್ತು. ತೋಟದಲ್ಲಿ ಬ್ರಶ್ ಎಲ್ಲಿಯದು? ಮಾಳಮ್ಮ ಅಂಗಳದಿಂದ ಒಂದು ಕೋಳಿಪುಕ್ಕ ಆರಿಸಿ ತಂದುಕೊಟ್ಟಳು.

ರಾಯರು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಅತ್ತಿತ್ತ ನೋಡಿದರು.

"ಕೋಳಿಪುಕ್ಕ ಮುಟ್ಟೀರಿ ಅಂತ ಪಾರ್ವತೀಬಾಯಾರಿಗಿ ಹೇಳಂಗಿಲ್ಲ ಬಿಡ್ರಿ" ಎಂದಳು ಮಾಳಮ್ಮ.

ಆ ಕೆಲಸ ಮುಗಿದ ಮೇಲೆ ಅಮೋಘಸಿದ್ದ ಕಾಲು ತೊಳೆದುಕೊಂಡು ಬಂದು, ಕೊಡದಲ್ಲಿನ ಗಿಡವನ್ನು ಸುತ್ತಲೂ ತಿರುಗಿ ನೋಡಿದ. "ರಾಯರ, ಈ ಬುಡದ ಕಡ್ಡಿ ಇನ್ನಾ ಎಚ್ಚರಾಗಿಲ್ಲ. ಚಿಗುರಿನ ಕಣ್ಣು ಮುಚ್ಚೇ ಅದ. ಇದನ್ನ ರಾಜಕುಮಾರಿ ಮೈಮ್ಯಾಲೇ ಕಲಮು ಕಟ್ಟಿದ್ರ? ಗಂಡೂ ಹೆಣ್ಣೂ ಒಂದೇ ಕುಂಡದಾಗ. ಮುಂದಿನ ವರ್ಷ ತಂಬಿಗಿ ಬೇಡ, ಪುಕ್ಕ ಬೇಡ."

"ಹಂಗಾಮು ಮೀರ್ಯಾದಲ್ರೀ."

"ಮೀರ್ಯಾದ್ರಿ. ಹತ್ತಿದ್ರ ಹತ್ತತದ."

ರಾಯರು ಕುಂಡವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಜೀವವೆಲ್ಲ ಗಿಡದ ಆಕಾರದಲ್ಲಿ. "ಕಟ್ಟೂದಾದ್ರ ಹಿಂದಿನ ಕಡಿಗಿ ಕಟ್ರಿ. ಮುಂದ ಕಂಡ್ರ ರೂಪ ಕೆಡತದ."

"ಹೌದ್ರಿ" ಎಂದಳು ಮಾಳಮ್ಮ, ತೊಗರಿಯಿಂದ ಕಣ್ಣೆತ್ತದೆ. "ಮನಿಅಳಿಯರನ್ನ ಹಿತ್ತಲ ಕಡಿಗೇ ಇಡಬೇಕು. ಮುಂದ ಕೂಡಿಸಿದ್ರ ಬಂದಾವ್ರಿಗಿ ಚಾ ಕುಡೀರಿ ಅಂತ ತಾವೇ ಹೇಳ್ಲಾಕ ಹತ್ತತಾರ."

ಅಮೋಘಸಿದ್ದ ಚಾಕು ಮಸೆದ. ಕಡ್ಡಿ ಕತ್ತರಿಸಿದ, ಬೆಣೆ ಹೆರೆದ. ರಾಜಕುಮಾರಿಯ ಬೆನ್ನಿಗೆ ಸಣ್ಣ ಸೀಳು ಹಾಕಿ, ಉಸಿರು ಬಿಗಿಹಿಡಿದು ಒಳಗೆ ಕೂರಿಸಿದ. ಪಟ್ಟಿ ಸುತ್ತಿದ. ಬಾಳೆನಾರನ್ನು ನೀರಲ್ಲಿ ಅದ್ದಿ ಬಿಗಿದು ಗಂಟು ಹಾಕುವಾಗ, "ಕಟ್ಟು ಬಿಗಿ ಇರಬೇಕ್ರಿ, ರಾಯರ. ಆದ್ರ ಉಸಿರುಗಟ್ಟಬಾರದು. ಮನಿಅಳಿಯಗ ಅಷ್ಟಾದ್ರ ಇದ್ದಬಿಡ್ತಾನ" ಎಂದ.

ಮಾಳಮ್ಮನ ಮೊರ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಆಡಿತು.

ಬೇಸಿಗೆ ಏರಿದ ಮೇಲೆ ಕೊಡದಲ್ಲಿದ್ದ ಗಂಡು ಗಿಡ ಒಣಗಿಹೋಯಿತು. ಆದರೆ ಬೆನ್ನಿಗೆ ಕಟ್ಟಿದ ಕಡ್ಡಿ ಕಣ್ಣು ತೆರೆಯಿತು. ಮೊದಲು ಒಂದು ಎಲೆ, ಆಮೇಲೆ ಜೊತೆಗೆ ಇನ್ನೊಂದು. ಮುಂದಿನ ಟೊಂಗೆಗಳಲ್ಲಿ ಕಾಯಿ ನಿಂತವು. ಬಹಳವೇನಲ್ಲ, ಒಂದು ಬೊಗಸೆಗೆ ಕಡಿಮೆ. ಅಮೋಘಸಿದ್ದ ದಿನಕ್ಕೊಮ್ಮೆ ಬಂದು ನೆಲ ನೋಡುತ್ತಿದ್ದ. ಉದುರಿದ್ದು ಕಾಣದಿದ್ದರೆ ಹೋಗಿ ಊಟಕ್ಕೆ ಕೂರುತ್ತಿದ್ದ. ಮಾಳಮ್ಮ ತಟ್ಟೆಗೆ ಮುದ್ದೆಪಲ್ಯ ಹಾಕುತ್ತ, "ಮಗಳ ಬಾಣಂತನದಾಗ ಇಷ್ಟು ಕಾಳಜಿ ನೋಡಿದ್ದಿಲ್ಲ" ಎನ್ನುವಳು.

ಮಳೆ ಹಿಡಿದು ಕುಂಡಗಳು ಸೇಡಂ ರಸ್ತೆಗೆ ತಿರುಗಿದವು. ದಸರೆಯ ಹೊತ್ತಿಗೆ ಕಾಯಿ ಹಳದಿಗೆ ತಿರುಗಿ, ದೀಪಾವಳಿ ದಾಟಿದ ಮೇಲೆ ಕೆಂಪೇರಿದವು. ಪಾರ್ವತೀಬಾಯಿಗೆ ಸವತಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು. ದಿನಾ ಸಂಜೆ ಮಾಳಿಗೆ ಹತ್ತಿ, ನೋಡಲು ಬಂದಿಲ್ಲ ಎಂಬಂತೆ ನೋಡಿ ಇಳಿಯುತ್ತಿದ್ದರು. ಒಂದು ದಿನ ರಾಯರು ಬ್ಯಾಂಕಿಗೆ ಹೋದ ಹೊತ್ತಿಗೆ ಒಂದು ಹಣ್ಣು ಹರಿದು, ದೇವರಿಗೆ ನೈವೇದ್ಯ ಮಾಡಿ, ಪ್ರಸಾದವೆಂದು ಬಾಯಿಗೆ ಹಾಕಿಕೊಂಡರು.

ಅದು ನೋಡಲಿಕ್ಕೆ ಮಾತ್ರ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂಥ ಒಗರು. ತುಟಿ, ನಾಲಿಗೆ, ಗಂಟಲು ಒಂದಕ್ಕೊಂದು ಅಂಟಿಕೊಂಡವು. ಸಂಜೆ ತನಕ ಅವರು ಮಾತಾಡಲಿಲ್ಲ. ರಾಯರು ಬ್ಯಾಂಕಿನಿಂದ ಬಂದು, ಚಾ ಕೇಳಿ, ಚಾ ಕುಡಿದು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿ, ಏನೋ ಕಡಿಮೆಯಾಗಿದೆ ಅನ್ನಿಸಿ ತಲೆಯೆತ್ತಿದರು. ಪಾರ್ವತೀಬಾಯಿ ಬೆಲ್ಲದ ಚೂರು ಚೀಪುತ್ತ ಕೂತಿದ್ದರು. ಬಾಯಿ ಬಂದ ಮೇಲೆ ಹೇಳಿದ ಮೊದಲ ಮಾತು, "ನಿಮ್ಮ ರಾಜಕುಮಾರಿ ನನ್ನ ಮಾತು ಕೇಳಿ ಕೇಳಿ ಬೆಳದದ. ರುಚಿ ಹಂಗೇ ಅದ."

ಜನವರಿ ಬಂತು. ರಾಯರು ಗಿಡವನ್ನು ಸಿಂಗರಿಸಲು ಕೂತರು. ಬುಡಕ್ಕೆ ಪಾಚಿ ಹಾಸಿದರು, ಕುಂಡ ಒರೆಸಿದರು. ಮುಂದಿನಿಂದ ನೋಡಿದರೆ ಚಿತ್ರದ ಹಾಗೆ ಇತ್ತು. ಪಕ್ಕದಿಂದ ನೋಡಿದರೆ ಮಾತ್ರ ಬೆನ್ನಿನಿಂದ ಒಂದು ಟೊಂಗೆ, ಕರೆಯದಿದ್ದರೂ ಫೋಟೋಕ್ಕೆ ನಿಂತವರ ಹಾಗೆ, ನೆಟ್ಟಗೆ ಹೊರಗೆ ಚಾಚಿತ್ತು. ಕತ್ತರಿ ಕೈಯಲ್ಲಿ ಹಿಡಿದು ರಾಯರು ಫೋನು ಮಾಡಿದರು.

"ಅಮೋಘಸಿದ್ದಪ್ಪಾರ, ಆ ಹಿಂದಿನ ಟೊಂಗಿ ಜಡ್ಜಿನ ಕಣ್ಣಿಗೆ ಬೀಳತದ. ತೆಗೀಲೇನು? ಬಹುಮಾನ ಬಂದ್ರೂ ಬರಬಹುದು."

"ರಾಯರ, ಬಹುಮಾನ ಬರ್ಲಿಲ್ಲಂದ್ರ ನಡೀತದ್ರಿ. ಅದಕ್ಕ ಕತ್ರಿ ಹಚ್ಚಬ್ಯಾಡ್ರಿ. ಚೀಟಿ ಅಂತೂ ಹಚ್ತಾರಲ್ರಿ?"

"ಹಚ್ತಾರ."

"ಸಾಕ್ರಿ."

ಪ್ರದರ್ಶನದ ದಿನ ಮುಂಜಾನೆ ಇನಾಯತ್ ಮೊದಲು ಕಮಲಾಪುರಕ್ಕೆ ಹೋಗಿ ಗಂಡ ಹೆಂಡತಿಯನ್ನು ಕರೆತಂದು, ಆಮೇಲೆ ಸೇಡಂ ರಸ್ತೆಯಲ್ಲಿ ರಾಯರನ್ನು, ಪಾರ್ವತೀಬಾಯಿಯನ್ನು, ರಾಜಕುಮಾರಿಯನ್ನು ಹತ್ತಿಸಿಕೊಂಡ. ಅಮೋಘಸಿದ್ದ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟಿದ್ದ. ಮಡಿಕೆ ಕೆಡಬಾರದೆಂದು ದಾರಿಯುದ್ದಕ್ಕೂ ಅರ್ಧ ನಿಂತೇ ಬಂದ. ಮಾಳಮ್ಮ ಇಳಕಲ್ ಸೀರೆ ಉಟ್ಟು, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಪ್ರದರ್ಶನದೊಳಗೆ ಗುಲಾಬಿ, ಸೇವಂತಿಗೆ, ಕುಂಬಳದಲ್ಲಿ ಕೆತ್ತಿದ ನವಿಲು. ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬ ಹುಡುಗಿ ಹೆಸರು ಕೇಳಿ ಕೇಳಿ ದಪ್ಪ ಪೆನ್ನಿನಿಂದ ಚೀಟಿ ಬರೆಯುತ್ತಿದ್ದಳು. ಸಾಲು ಉದ್ದವಿತ್ತು. ಸಾಲಿನಲ್ಲಿ ನಿಂತ ಅಮೋಘಸಿದ್ದ ಕುಂಡವನ್ನು ನೋಡಿ, "ಗಾಳಿಗಿ ಪಾಚಿ ಒಣಗ್ಯಾದ. ನೀರ ತರ್ತೀನಿ" ಎಂದು ತಂಬಿಗೆ ಹಿಡಿದು ನಲ್ಲಿ ಹುಡುಕಿಕೊಂಡು ಹೋದ. ಗಿಡವನ್ನು ಬಿಸಿಲಿಗೆ ಇಡುತ್ತಾರೆಂದು ಕೇಳಿ ರಾಯರು ಆ ಕಡೆ ಯಾರೊಂದಿಗೋ ವಾದಕ್ಕೆ ನಿಂತರು. ಅಷ್ಟರಲ್ಲಿ ಸಾಲು ಸರಸರ ಸರಿದು, ಮೇಜಿನ ಮುಂದೆ ಮಾಳಮ್ಮ, ಪಾರ್ವತೀಬಾಯಿ, ಇನಾಯತ್ ಮೂವರೇ ಉಳಿದರು.

"ಯಾರ ಗಿಡ ಆಂಟಿ? ಹೆಸರು ಹೇಳ್ರಿ. ಜಡ್ಜ್ ಬರೋ ಹೊತ್ತಾತು."

"ಅವ್ರದವ್ವ" ಎಂದಳು ಮಾಳಮ್ಮ.

"ಅವ್ರು ಅಂದ್ರ?"

"ನಮ್ಮನಿಯವ್ರು."

"ನಿಮ್ಮನಿಯವ್ರ ಹೆಸರೇನ್ರಿ?"

ಮಾಳಮ್ಮ ಪಾರ್ವತೀಬಾಯಿಯ ಕಡೆ ನೋಡಿದಳು. ಪಾರ್ವತೀಬಾಯಿ ಗಲ್ಲಕ್ಕೆ ಬೆರಳಿಟ್ಟರು. "ನನಗೇನು ಗೊತ್ತು ಮಾಳಮ್ಮ? ನಾ ಎಂದಿದ್ರೂ ಮಾಳಮ್ಮನ ಗಂಡ ಅಂತೇನಿ. ಇವರು ಏನೋ ಉದ್ದಕ್ಕ ಕರೀತಾರ. ಸಿದ್ದಪ್ಪನೋ, ಸಿದ್ರಾಮನೋ."

ಇಬ್ಬರೂ ಇನಾಯತ್‌ನ ಕಡೆ ತಿರುಗಿದರು. ಅವನು ಅವಸರದಿಂದ ಮೊಬೈಲು ತೆಗೆದ. ಅದರಲ್ಲಿ ಬಾಳೆಹಣ್ಣಿನ ಗುರುತಿಗೆ 'ಮಾಳಮ್ಮ ಕೇಲಾ' ಎಂದಿತ್ತು. "ನಂಬರ್ ಬೇಕಾದ್ರ ಹೇಳ್ತೀನ್ರಿ" ಎಂದ.

ಹುಡುಗಿಗೆ ನಗುವೂ ಬಂತು, ಅವಸರವೂ ಇತ್ತು. "ಆಂಟಿ, ನಿಮ್ಮ ಹೆಸರೇ ಬರೀಲೇನು? ಇಲ್ಲಾಂದ್ರ ಮಾಳಮ್ಮನ ಗಂಡ ಅಂತ ಬರೀತೀನಿ. ಹಿಂದ ಮಂದಿ ನಿಂತಾರ." ಅವಳ ಪೆನ್ನು ಚೀಟಿಯ ಮೇಲೆ ಇಳಿಯಿತು. 'ಮಾ' ಎಂದು ಬರೆದೂ ಆಯಿತು.

ಮಾಳಮ್ಮ ಚೀಟಿಯ ಮೇಲೆ ಕೈ ಇಟ್ಟಳು.

"ತಡಿಯವ್ವ. ಅದನ್ನ ತೆಗಿ. ಹೊಸಾ ಚೀಟಿ ತಗೋ."

ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ನೆಲಕ್ಕಿಟ್ಟಳು. ಹಿಂದೆ ಸಾಲಿನಲ್ಲಿದ್ದ ಹೆಂಗಸರಿಗೆ ಏನಾಗುತ್ತಿದೆಯೆಂದು ಗೊತ್ತಾಗಿ ಒಬ್ಬಳು ಇನ್ನೊಬ್ಬಳನ್ನು ತಿವಿದಳು. ಸುತ್ತ ಗದ್ದಲ ಸಣ್ಣಗಾಯಿತು. ಮಾಳಮ್ಮ ಸ್ವಲ್ಪ ಹೊತ್ತು ತುಟಿ ಆಡಿಸಿ, ಪ್ರಾಸ ಕೂಡಿತೋ ಇಲ್ಲವೋ ನೋಡಿಕೊಂಡು, ಹೇಳಿದಳು:

"ಕೆಂಪ ಬಾಳಿ ತ್ವಾಟದಾಗ ಗೇಣುದ್ದ ಗಿಡ,
ಗಂಡಂತ ಕಿತ್ತಿ ಒಗದ್ರೂ ನಾ ಬಿಡಲಿಲ್ಲ ನೋಡ;
ತಂಬಿಗ್ಯಾನ ಹೂವಿನಿಂದ ಟೊಂಗಿಗಿ ಹತ್ತ್ಯಾವ ಹಣ್ಣ,
ಅಮೋಘಸಿದ್ದಪ್ಪನ ಹೆಸರ ಹೇಳ್ತೀನಿ, ತಗ್ಗಿಸಿ ನನ್ನ ಕಣ್ಣ."

ಹೆಂಗಸರು ಭಲೆ ಎಂದರು. ಪಾರ್ವತೀಬಾಯಿ, "ಅಯ್ಯ, ಅಮೋಘಸಿದ್ದ ಅಂತೇನು? ಎಷ್ಟು ಛಂದ ಹೆಸರು ಅದ" ಎಂದರು. ಹುಡುಗಿ ಮಾತ್ರ ಬಾಯಿ ತೆರೆದು ಕೇಳುತ್ತ ಕೂತಿದ್ದಳು. ಚೀಟಿ ಖಾಲಿಯೇ ಇತ್ತು.

"ಆಂಟಿ, ಇನ್ನೊಂದ್ಸಲ ಹೇಳ್ರಿ. ಕೇಳ್ಕೋತ ಬರಿಯೂದೇ ಮರ್ತೆ."

"ಒಮ್ಮೆ ಹೇಳೀನಿ, ಆತು. ಮೂವತ್ತು ವರ್ಷಕ್ಕೊಮ್ಮೆ ಬರೂ ಒಡಪದು" ಎಂದಳು ಮಾಳಮ್ಮ, ಸೆರಗು ಹಿಂದೆ ಸರಿಸಿ. "ಅಲ್ಲಿ ಹಿಂದ ನಿಂತಾರ ನೋಡು, ಅವ್ರನ್ನೇ ಕೇಳು."

ಅಮೋಘಸಿದ್ದ ತುಂಬಿದ ತಂಬಿಗೆ ಹಿಡಿದು ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿದನೋ. ತಂಬಿಗೆ ವಾಲಿ ನೀರು ಇಸ್ತ್ರಿಯ ಧೋತರದ ಮೇಲೆ ಸಣ್ಣಗೆ ಸುರಿಯುತ್ತಿತ್ತು; ಅವನಿಗೆ ಅದರ ಪರಿವೆಯಿರಲಿಲ್ಲ.

"ಕಾಕಾ, ಹೆಸರು?" ಎಂದಳು ಹುಡುಗಿ.

ಇಷ್ಟು ದಿನ ಮನಸ್ಸಿನಲ್ಲೇ ಓದಿಕೊಂಡ ಹೆಸರು. ಅಮೋಘಸಿದ್ದ ಬಾಯಿ ತೆರೆದ. ಗಂಟಲಿನಿಂದ ಏನೂ ಹೊರಡಲಿಲ್ಲ. ಪಾರ್ವತೀಬಾಯಿ ಪಕ್ಕದ ಹೆಂಗಸಿಗೆ, "ಹಣ್ಣು ತಿಂದಿರಬೇಕು" ಎಂದು ಪಿಸುಗುಟ್ಟಿದರು.

"ಅದೇ" ಎಂದ ಅವನು ಕಡೆಗೆ. "ಈಗ ಅವ್ರು ಹೇಳಿದ್ರಲ್ಲವ್ವ, ಅದೇ ಬರಿ."

ಸಾಲಿನಲ್ಲಿದ್ದ ಹೆಂಗಸರೇ ಒಂದೊಂದೇ ಅಕ್ಷರ ಹೇಳಿಕೊಟ್ಟರು. ಹುಡುಗಿ ದಪ್ಪಗೆ ಬರೆದಳು. ಅಷ್ಟರಲ್ಲಿ ವಾದ ಗೆದ್ದು ಬಂದ ಬಂಡೂರಾಯರು ಚೀಟಿಯನ್ನು ಓದಿ ತಲೆಯಾಡಿಸಿ, ಗಿಡವನ್ನು ಗೋಡೆ ಬದಿಯ ನೆರಳಿನ ಮೇಜಿನ ಮೇಲೆ ಮುಖ ಮುಂದೆ ಮಾಡಿ ಇಟ್ಟರು. ಬಹುಮಾನ ಬರಲಿಲ್ಲ, ಹಿಂದಿನ ಟೊಂಗೆಯ ಬಗ್ಗೆ ಜಡ್ಜ್ ಏನೋ ಅಂದರಂತೆ. ರಾಯರು ಸಂಜೆ ತನಕ ಅದನ್ನೇ ಗೊಣಗಿದರು. ಅಮೋಘಸಿದ್ದ ಕೇಳಿಸಿಕೊಳ್ಳಲಿಲ್ಲ. ಅವನು ಚೀಟಿಯ ಮುಂದೆ ನಿಂತಿದ್ದ, ಜನ ಬಂದಾಗ ಸ್ವಲ್ಪ ಬದಿಗೆ ಸರಿದು, ಅವರು ಹೋದ ಮೇಲೆ ಮತ್ತೆ ಬಂದು.

"ಏನ್ರಿ" ಎಂದಳು ಮಾಳಮ್ಮ. "ಓದಿದ್ದಾತಿಲ್ಲೋ? ತಂಬಿಗ್ಯಾಗ ಇನ್ನಾ ನೀರು ಉಳದಿದ್ರ ಆ ಹಿತ್ತಲ ಟೊಂಗಿ ಬುಡಕ್ಕೂ ನಾಲ್ಕು ಹನಿ ಹಾಕ್ರಿ. ಪಾಪ, ಮುಂಜಾನಿಂದ ಗ್ವಾಡಿ ಕಡಿ ಮುಖ ಮಾಡಿ ನಿಂತದ."